ಹಿಂದಕ್ಕೆ ಓಡುವ ಯಂತ್ರ: ಬಳಕೆದಾರರ ಕೈಪಿಡಿ

ಮೊದಲಿಗೆ ಎಚ್ಚರಿಕೆ. ಶಿಫ್ಟ್ ಮುಗಿಸಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆ ಗಂಟೆ ಲೆಕ್ಕದಲ್ಲಿ ಟರ್ಫ್ ಬಾಡಿಗೆ ಹಿಡಿದು ಅಮೆರಿಕನ್ ಫುಟ್‌ಬಾಲ್ ಆಡಲು ಹೊರಟವರಿಗಷ್ಟೇ ಈ ಕೈಪಿಡಿ. ಕ್ಲೈಂಟ್ ಜೊತೆ ಹರಟಲು ನಾಲ್ಕು ಪದ ಸಾಕೆನ್ನುವವರು ಫೆಬ್ರವರಿಯ ಆ ಒಂದು ಸೋಮವಾರ ಬೆಳಗಿನ ಜಾವ 5ಕ್ಕೆ ಎದ್ದು ಸೂಪರ್ ಬೌಲ್ ಫೈನಲ್ ನೋಡಿಕೊಂಡರಾಯಿತು. ಅಮೆರಿಕದಲ್ಲಿ ಆಗಿನ್ನೂ ಭಾನುವಾರ ಸಂಜೆ.

ಉಪಕರಣದ ಪರಿಚಯ: ಮುಂದಿನ ಸಾಲಿನ ದಢೂತಿಗಳ ಬೆನ್ನಿಗೆ ನಾಲ್ಕೈದು ಗಜ ದೂರದಲ್ಲಿ ನಿಲ್ಲುವವನೇ ಲೈನ್‌ಬ್ಯಾಕರ್. ಎದುರಾಳಿ ಚೆಂಡು ಅವುಚಿಕೊಂಡು ಓಡಿದರೆ ಇವನು ಮುಂದೆ ನುಗ್ಗಬೇಕು, ಎಸೆದರೆ ಹಿಂದೆ ಸರಿಯಬೇಕು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಬಹುದೆಂದು ನಿಯಮ ಬಂದಾಗಿನಿಂದ ಆ ಜಾಗದಲ್ಲಿ ನಿಂತವನಿಗೆ ಈ ಇಕ್ಕಟ್ಟು ತಪ್ಪಿಲ್ಲ.

ಚಾಲೂ ಮಾಡುವ ಬಗೆ: ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಕೈ ನೋಡಬೇಡಿ. ಚೆಂಡು ಕೊಟ್ಟಂತೆ ನಟಿಸಿ, ಕೊಡದೆ, ನಿಮ್ಮನ್ನು ಎರಡು ಹೆಜ್ಜೆ ಮುಂದೆ ಎಳೆದು, ನೀವು ಬಿಟ್ಟುಬಂದ ಜಾಗಕ್ಕೇ ಎಸೆಯುವುದು ಅವನ ಕಸುಬು. ಅವನನ್ನು ಕಾಯುವ ಲೈನ್‌ಮನ್‌ಗಳ ಹೆಲ್ಮೆಟ್ ನೋಡಿ. ತಲೆ ತಗ್ಗಿಸಿ ಮುನ್ನುಗ್ಗಿದರೆ ಸಾಮಾನ್ಯವಾಗಿ ಓಟ, ತಲೆ ಎತ್ತಿ ಹಿಂದೆ ಸರಿದರೆ ಪಾಸ್. ನೂರಿಪ್ಪತ್ತು ಕಿಲೋ ತೂಗುವವನಿಗೆ ಅಭಿನಯ ಅಷ್ಟು ಸುಲಭಕ್ಕೆ ಒಲಿಯುವುದಿಲ್ಲ.

ಪಾಸ್ ಎಂದು ಖಾತ್ರಿಯಾಯಿತೇ? ಹತ್ತು-ಹನ್ನೆರಡು ಗಜ ಹಿಂದಕ್ಕೆ ಓಡಿ. ಯಂತ್ರ ಕೆಡುವುದು ಇಲ್ಲೇ. ಗಲ್ಲಿ ಕ್ರಿಕೆಟ್‌ನಲ್ಲಿ ಪಳಗಿದ ಕಾಲು ಚೆಂಡಿನ ಕಡೆಗೇ ಹೋಗುತ್ತದೆ. "ಮಗಾ, ಹಿಂದೆ ಹೋಗೋ!" ಎಂದು ಗಂಟಲು ಹರಿದುಕೊಂಡರೂ ಐದು ಜನ ಒಂದೇ ಕಡೆ ಗುಂಪುಗೂಡಿ ಶೂ ತುಂಬ ಕರಿ ರಬ್ಬರ್ ಹರಳು ತುಂಬಿಕೊಳ್ಳುತ್ತಾರೆ, ಚೆಂಡು ಆರಾಮವಾಗಿ ಅವರ ತಲೆಯ ಮೇಲೆ ಹಾಯುತ್ತದೆ. ಕಬಡ್ಡಿ ಆಡಿದವರಿದ್ದರೆ ಕಣ್ಣುಮುಚ್ಚಿ ತಂಡಕ್ಕೆ ಸೇರಿಸಿಕೊಳ್ಳಿ. ರೈಡರ್ ಒಳಬಂದಾಗ ಕವರ್‌ನಲ್ಲಿ ನಿಂತವನು ಮೊದಲು ಹಿಂದೆ ಸರಿದು ಜಾಗ ಬಿಡುತ್ತಾನೆ. ರೈಡರ್ ಕಾಲು ಚಾಚುವ ತನಕ ಕೈ ಹಾಕುವುದಿಲ್ಲ. ಬೇಕಾದ ತಾಳ್ಮೆ ಇಷ್ಟೇ.

ಹಿಂದೆ ಸರಿದಾದ ಮೇಲೆ ಯಾರ ಬೆನ್ನೂ ಹತ್ತಬೇಡಿ. ಝೋನ್ ಎಂದರೆ ಜಾಗ ಕಾಯುವುದು. ಭುಜದ ಮೇಲಿಂದ ಒಮ್ಮೆ ಇಣುಕಿ, ಬೆನ್ನ ಹಿಂದೆ ಯಾರಿದ್ದಾರೆಂದು ತಿಳಿದುಕೊಂಡು, ಈಗ ಕ್ವಾರ್ಟರ್‌ಬ್ಯಾಕ್‌ನ ಭುಜದ ಮೇಲೆ ಕಣ್ಣಿಡಿ. ಅದು ತಿರುಗಿದ ಕಡೆ ನೀವೂ ತಿರುಗಿ. ಈ ವಿದ್ಯೆಯಲ್ಲಿ ಟ್ಯಾಂಪಾ ಬೇ ತಂಡದ ಡೆರಿಕ್ ಬ್ರೂಕ್ಸ್ ನಿಸ್ಸೀಮ. 2003ರ ಜನವರಿಯ ಸೂಪರ್ ಬೌಲ್‌ನಲ್ಲಿ ಓಕ್ಲೆಂಡ್‌ನವರ ಪಾಸನ್ನು ನಡುವೆಯೇ ಕಸಿದು 44 ಗಜ ಓಡಿ ಟಚ್‌ಡೌನ್ ಮಾಡಿದ. ಅದೇ ತಂಡದ ನಡುವಿನ ಲೈನ್‌ಬ್ಯಾಕರ್ ಇನ್ನೂ ಆಳಕ್ಕೆ, ಕೊನೆಯಲ್ಲಿ ಕಾವಲು ನಿಲ್ಲುವ ಇಬ್ಬರು ಸೇಫ್ಟಿಗಳ ನಡುವಿನ ಖಾಲಿ ಜಾಗಕ್ಕೆ ಓಡಬೇಕಿತ್ತು. ಆ ವ್ಯೂಹಕ್ಕೆ ಟ್ಯಾಂಪಾ 2 ಎಂದೇ ಹೆಸರು ಬಿತ್ತು. ನಮ್ಮ ಟರ್ಫ್‌ನಲ್ಲಿ ಅಷ್ಟು ಹಿಂದೆ ಹೋದರೆ ಬೆನ್ನಿಗೆ ಬಲೆ ತಗಲುತ್ತದೆ.

ಹೆಲ್ಮೆಟ್ ಇಲ್ಲದವರಿಗೆ: ಫ್ಲ್ಯಾಗ್ ಫುಟ್‌ಬಾಲ್ ಆಡಿ. ತಂಡಕ್ಕೆ ಐವರು. ಕೆಡವುವ ಹಾಗಿಲ್ಲ, ಚೆಂಡು ಹಿಡಿದವನ ಸೊಂಟದ ಪಟ್ಟಿ ಕಿತ್ತರೆ ಮುಗಿಯಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಈ ಆಟ ಸೇರಿದ್ದು 2023ರ ಅಕ್ಟೋಬರ್‌ನಲ್ಲಿ, ನಮ್ಮ ಮುಂಬೈನಲ್ಲೇ ನಡೆದ ಸಭೆಯಲ್ಲಿ. ಅಲ್ಲೇ ಕ್ರಿಕೆಟ್ಟಿಗೂ ಅಸ್ತು ಸಿಕ್ಕಿತು. ಹಾಗಾಗಿ ಫ್ಲ್ಯಾಗ್ ಫುಟ್‌ಬಾಲ್‌ನ ಸುದ್ದಿ ಯಾರ ಕಿವಿಗೂ ಬೀಳಲಿಲ್ಲ.

ದೋಷ ನಿವಾರಣೆ: ಚೆಂಡು ತಲೆ ಮೇಲೆ ಹೋದರೆ ನೀವು ಮುಂದಿದ್ದೀರಿ, ಇನ್ನಷ್ಟು ಹಿಂದೆ ಸರಿಯಿರಿ. ಎದುರಾಳಿ ನಿಮ್ಮೆದುರೇ ಚೆಂಡು ಹಿಡಿದರೆ ಗಾಬರಿ ಬೇಡ, ಓಡಿ ಬಂದು ಪಟ್ಟಿ ಕೀಳಿ. ನಾಲ್ಕು ಗಜ ಕೊಟ್ಟರೆ ಮನೆ ಮುಳುಗುವುದಿಲ್ಲ. ಇಡೀ ಸಂಜೆ ನಿಮ್ಮ ಕಡೆ ಒಂದು ಚೆಂಡೂ ಬರಲಿಲ್ಲವೇ? ಯಂತ್ರ ಸರಿಯಾಗಿಯೇ ಕೆಲಸ ಮಾಡುತ್ತಿದೆ, ರಿಪೇರಿಗೆ ಕೊಡಬೇಡಿ.