ತಂಬೂರಿ ಸಾವಕಾರರು

ತಂಬೂರಿ ಸಾವಕಾರರು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ, ಅದರಲ್ಲೂ ಉಮದಿ, ಸಂಖ, ಗುಡ್ಡಾಪುರ, ಮಾಡಗ್ಯಾಳದ ಸುತ್ತಿನ ಕನ್ನಡ ಊರುಗಳಲ್ಲಿ, ಊರಿಗೊಬ್ಬರಂತೆ ಸಿಗುತ್ತಾರೆ. ಈ ಪದವಿಗೆ ಹೊಲ ಹೆಚ್ಚು ಇರಬೇಕೆಂದಿಲ್ಲ, ಬಡ್ಡಿ ವ್ಯವಹಾರವೂ ಬೇಕಿಲ್ಲ. ಮನೆಯಲ್ಲಿ ಮಿರಜಿನಲ್ಲಿ ಮಾಡಿದ ಹಳೆಯ ತಂಬೂರಿ ಒಂದಿರಬೇಕು, ಯಜಮಾನರಿಗೆ ಅದನ್ನು ಬಾರಿಸಲು ಬರಬಾರದು. ಬಾರಿಸಲು ಬರುವವರನ್ನು ಊರು ‘ಭಜನಿ ಮಾಸ್ತರ’ ಎಂದು ಕರೆದು ಬೇರೆ ವರ್ಗಕ್ಕೆ ಸೇರಿಸಿದೆ. ಮಾಸ್ತರರ ತಂಬೂರಿ ಎಷ್ಟು ಬಾಳುತ್ತದೆಂದು ಯಾರೂ ಕೇಳುವುದಿಲ್ಲ, ಸಾವಕಾರರ ತಂಬೂರಿ ಹೇಗೆ ನುಡಿಯುತ್ತದೆಂದು ಯಾರೂ ಕೇಳುವುದಿಲ್ಲ.

ವಾದ್ಯದ ಸ್ಥಾನ ಪಡಸಾಲೆಯ ಒಳಮೂಲೆ. ಅದರ ಮೇಲೆ ಗವಸಣಿಗೆ, ಗವಸಣಿಗೆಯ ಮೇಲೆ ಹಳೆಯ ಇಳಕಲ್ ಸೀರೆ, ಸೀರೆಯ ಮೇಲೆ ಯೂರಿಯಾ ಚೀಲ. ಬೀಗರು ಬಂದಾಗ ಈ ಮೂರನ್ನೂ ಒಂದೊಂದಾಗಿ ತೆಗೆಯಲಾಗುತ್ತದೆ. ಮೊದಲ ಚಹಾ ಮುಗಿದು ಎರಡನೆಯದು ಬರುವ ಹೊತ್ತಿಗೆ ಬುರುಡೆ ಕಣ್ಣಿಗೆ ಬೀಳುತ್ತದೆ. ತಂತಿಗೆ ಯಾರಾದರೂ ಬೆರಳು ಚಾಚಿದರೆ ಸಾವಕಾರರ ಬಾಯಿಂದ ಬರುವ ವಾಕ್ಯ ಎಲ್ಲ ಊರುಗಳಲ್ಲೂ ಒಂದೇ: “ಏ ತಮ್ಮಾ, ಕೈ ಹಚ್ಚಬ್ಯಾಡೋ, ಅದು ಮಿರಜದ್ದೈತಿ.”

ಮಿರಜದ್ದು ಎಂಬ ಹೆಮ್ಮೆಗೆ ಆಧಾರವಿದೆ. 19ನೆಯ ಶತಮಾನದ ನಡುವೆ, ಪಟವರ್ಧನ ಸಂಸ್ಥಾನದ ಕಾಲದಲ್ಲಿ, ಆಯುಧ ಮಸೆಯುವ ಶಿಕಲಗಾರ ಮನೆತನದ ಫರೀದಸಾಹೇಬರು ಅಲ್ಲಿ ವಾದ್ಯಗಳ ದುರಸ್ತಿಗೆ ಕೈಹಾಕಿ, ಮುಂದೆ ತಯಾರಿಕೆಗೇ ಇಳಿದರು. ಮನೆತನಕ್ಕೆ ಸಿತಾರಮೇಕರ ಎಂಬ ಅಡ್ಡಹೆಸರು ಬಂತು. ಸಾಣೆ ಹಿಡಿದ ಕೈಗಳು ಸಿತಾರು, ತಂಬೂರಿಗಳನ್ನು ದೇಶಕ್ಕೆಲ್ಲ ಕೊಟ್ಟವು. 2024ರಲ್ಲಿ ಮಿರಜಿನ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಸುದ್ದಿ ಮುಟ್ಟಿದ ವಾರವೇ ಜತ್ತದ ಸಾವಕಾರರು ತಮ್ಮ ತಂಬೂರಿಯ ಬೆಲೆಯನ್ನು ಬಾಯಲ್ಲೇ ಏರಿಸಿದರು. ಮಾನ್ಯತೆ ಸಿಕ್ಕಿದ್ದು ಊರಿನ ಕಸಬಿಗೋ ತಮ್ಮ ಮೂಲೆಯ ವಾದ್ಯಕ್ಕೋ ಎಂಬ ವಿಚಾರಕ್ಕೆ ಅವರು ಹೋಗಲಿಲ್ಲ.

ತಂಬೂರಿಯ ರಚನೆ ಸರಳ. ಕೆಳಗೆ ಸೋರೆಯ ಬುರುಡೆ, ಅದರ ಬಾಯಿಗೆ ಮುಚ್ಚಿದ ತೆಳು ಹಲಗೆಯಾದ ತಬಲಿ, ಮೇಲಕ್ಕೆ ಒಳಗೆ ಪೊಳ್ಳಾದ ದಂಡಿ, ತುದಿಯಲ್ಲಿ ನಾಲ್ಕು ಬಿರಡೆ, ನಾಲ್ಕು ತಂತಿ. ಮೂರು ತಂತಿ ಉಕ್ಕಿನವು, ಖರ್ಜದ, ಅಂದರೆ ಕೆಳಗಿನ ಷಡ್ಜದ, ತಂತಿ ಹಿತ್ತಾಳೆಯದು. ಮರ ತೂನಿನದು, ಬುರುಡೆ ಸೊಲ್ಲಾಪುರ ಜಿಲ್ಲೆಯ ಪಂಢರಪುರದ ಕಡೆ ಹೊಲಗಳಲ್ಲಿ ಬೆಳೆದು, ಬಿಸಿಲಲ್ಲಿ ತಿಂಗಳುಗಟ್ಟಲೆ ಒಣಗಿ ಮಿರಜಿಗೆ ಬರುತ್ತದೆ. ತಂಬೂರಿಯ ದನಿಯ ಗುಟ್ಟು ಇರುವುದು ತಬಲಿಯ ಮೇಲೆ ತಂತಿಗಳನ್ನು ಹೊತ್ತ ಅಗಲವಾದ ಕುದುರೆಯಲ್ಲಿ. ಅದರ ಬೆನ್ನು ಬಲು ಸಣ್ಣ ಇಳಿಜಾರು. ಮಿಡಿದ ತಂತಿ ಆ ಇಳಿಜಾರನ್ನು ಸವರುತ್ತಾ ಕಂಪಿಸುವುದರಿಂದ ಒಂದು ಸ್ವರದೊಳಗಿಂದ ಹತ್ತು ಸ್ವರ ಹೊಮ್ಮುತ್ತವೆ. ಇದಕ್ಕೆ ಜವಾರಿ ಎಂದು ಹೆಸರು. ತಂತಿಗೂ ಕುದುರೆಗೂ ನಡುವೆ ಹತ್ತಿಯ ಎಳೆಯೊಂದನ್ನು ಸೇರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದಾಗ ದನಿ ಅರಳುವ ತಾಣ ಸಿಗುತ್ತದೆ. ಸಾವಕಾರರ ತಂಬೂರಿಯಲ್ಲಿ ಈ ಎಳೆ ಇರುವುದಿಲ್ಲ. ಕಸ ಕೂತಿದೆಯೆಂದು ಯಾವುದೋ ದೀಪಾವಳಿಯಲ್ಲಿ ಸೊಸೆ ತೆಗೆದುಹಾಕಿರುತ್ತಾಳೆ.

ವಂಶಾವಳಿಯ ವಿಷಯದಲ್ಲಿ ಸಾವಕಾರರೆಲ್ಲರದೂ ಒಂದೇ ಹೇಳಿಕೆ: ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನಸಾಹೇಬರು ಕೈ ಹಚ್ಚಿದ ತಂಬೂರಿ ಇದು. ಖಾನಸಾಹೇಬರು ಮಿರಜಿನಲ್ಲಿ ನೆಲೆಸಿದ್ದರು, ಅವರ ಸಮಾಧಿಯೂ ಅಲ್ಲಿನ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ಅಲ್ಲಿಯವರೆಗೆ ಮಾತು ಸರಿ. ತಾಲೂಕಿನ ಹೇಳಿಕೆಗಳನ್ನೆಲ್ಲ ಕೂಡಿಸಿದರೆ ಮಾತ್ರ ಖಾನಸಾಹೇಬರಿಗೆ ತಂಬೂರಿಗಳನ್ನು ಮುಟ್ಟುತ್ತ ಹೋಗುವುದರಲ್ಲೇ ಆಯುಷ್ಯ ಮುಗಿದು, ಹಾಡಲು ವೇಳೆ ಉಳಿದಿರಲಿಕ್ಕಿಲ್ಲ. ಅವರು ತೀರಿಕೊಂಡದ್ದು 1937ರಲ್ಲಿ. ತಂಬೂರಿ ಯಾವಾಗ ಕೊಂಡದ್ದೆಂದು ಕೇಳಿದರೆ “72ರ ಬರಗಾಲದಾಗ, ಜ್ವಾಳಾ ಕೊಟ್ಟು ತಂದಿದ್ದು” ಎಂಬ ಉತ್ತರ ಬರುತ್ತದೆ. ಎರಡಕ್ಕೂ ನಡುವಿನ 35 ವರ್ಷಗಳ ಬಗ್ಗೆ ಸಾವಕಾರರಿಗೆ ಚಿಂತೆಯಿಲ್ಲ. ದೊಡ್ಡವರ ಕೈಗುಣ ಮೊದಲೇ ಇಳಿದಿರುತ್ತದೆ, ವಾದ್ಯ ಆಮೇಲೆ ತಯಾರಾಗುತ್ತದೆ.

ಅದೇ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬಂತು. ಅದಕ್ಕೆ ಮುಂಚೆ ಒಳ್ಳೆಯ ತಂಬೂರಿಗೆ ಸಾರಂಗದ ಕೊಂಬಿನ ಕುದುರೆ ಕೂಡಿಸುತ್ತಿದ್ದರು. ಈಗ ಕರಿಮರ ಅಥವಾ ಕೃತಕ ವಸ್ತು ಬಳಕೆಯಲ್ಲಿದೆ. ಸಾವಕಾರರ ಕುದುರೆ ಕೇಳುವವರನ್ನು ನೋಡಿ ಜಾತಿ ಬದಲಿಸುತ್ತದೆ. ಬೀಗರ ಮುಂದೆ ಅದು ಅಪ್ಪಟ ಸಾರಂಗದ ಕೊಂಬು. ಅದೇ ಬೀಗರ ಅಳಿಯ ಅರಣ್ಯ ಇಲಾಖೆಯಲ್ಲಿದ್ದಾನೆಂದು ತಿಳಿದ ಗಳಿಗೆಯಿಂದ “ಪ್ಲಾಸ್ಟಿಕ್ ರೀ, ಸಾದಾ ಪ್ಲಾಸ್ಟಿಕ್.”

ದುರಸ್ತಿಗೆ ಮೂರು ಹಂತಗಳಿವೆ. ಮೊದಲನೆಯದು ಮನೆಮದ್ದು. ಜತ್ತದ ಬೇಸಿಗೆಯಲ್ಲಿ ಮರ ಒಣಗಿ ಬಿರಡೆ ಸಡಿಲಾಗಿ ಜಾರುತ್ತದೆ, ಮಳೆ ಬಿದ್ದ ವರ್ಷ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಜಾರುವ ಬಿರಡೆಗೆ ಸೀಮೆಸುಣ್ಣ ಸವರುವುದು ಎಲ್ಲ ಬಲ್ಲವರ ಪದ್ಧತಿ. ಸಾವಕಾರರು ಮೊಳೆ ಬಡಿಯುತ್ತಾರೆ. ಅಲ್ಲಿಂದಾಚೆ ಬಿರಡೆ ಜಾರುವುದಿಲ್ಲ, ತಿರುಗುವುದೂ ಇಲ್ಲ.

ಎರಡನೆಯ ಹಂತ ಊರ ಬಡಿಗೇರರದು. ಅವರು ಬಾಗಿಲ ಚೌಕಟ್ಟಿನಲ್ಲಿ ನಿಪುಣರು, ಬುರುಡೆಯ ಬಿರುಕನ್ನೂ ಬಾಗಿಲ ಬಿರುಕೆಂದೇ ಭಾವಿಸಿ ಫೆವಿಕಾಲ್ ಮತ್ತು ಮರದಪುಡಿ ತುಂಬುತ್ತಾರೆ. ಮೇಲೆ ಒಂದು ಕೋಟು ಆಯಿಲ್ ಪೇಂಟ್. ತಬಲಿ ತೆಳುವಾಗಿದ್ದು ಸರಾಗವಾಗಿ ನಡುಗಿದರೆ ಮಾತ್ರ ದನಿ. ಅದಕ್ಕೇ ವಾದ್ಯ ಮಾಡುವವರು ಅರಗಿನ ಪಾಲಿಶಿನಲ್ಲಿ ಬಟ್ಟೆ ಅದ್ದಿ ಪದರ ಪದರವಾಗಿ ತಿಕ್ಕುತ್ತಾರೆ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರ ದಾನಮ್ಮದೇವಿಯ ಜಾತ್ರೆ ಬಂತೆಂದರೆ ಸಾವಕಾರರ ಮನೆಯ ಕಿಟಕಿ, ಬಂಡಿ ಮತ್ತು ತಂಬೂರಿಗೆ ಒಂದೇ ಡಬ್ಬಿಯ ಬಣ್ಣ ಬೀಳುತ್ತದೆ.

ಮೂರನೆಯ ಹಂತ ಮಿರಜ ಯಾತ್ರೆ. ಕವಠೇ ಮಹಾಂಕಾಳ ದಾಟಿ ಹೋಗುವ ಕೆಂಪು ಎಸ್‌ಟಿ ಬಸ್ಸಿನಲ್ಲಿ ತಂಬೂರಿಗೆ ಕಿಟಕಿ ಪಕ್ಕದ ಸೀಟು, ಸಾವಕಾರರಿಗೆ ನಿಲ್ಲುವ ಜಾಗ. ಸೀಟು ಹಿಡಿದದ್ದಕ್ಕೆ ತಿಕೀಟು ತೆಗೆಸಬೇಕೆಂದು ಕಂಡಕ್ಟರರು, ಅದು ಲಗೇಜೂ ಅಲ್ಲ ಪ್ಯಾಸೆಂಜರೂ ಅಲ್ಲವೆಂದು ಸಾವಕಾರರು, ಕನ್ನಡದಲ್ಲಿ ಶುರುವಾದ ವಾದ ಮರಾಠಿಯಲ್ಲಿ ಮುಗಿಯುವಷ್ಟರಲ್ಲಿ ಮಿರಜ ಬಂದಿರುತ್ತದೆ. ಕಾರಿಗರು ನೆಲಕ್ಕೆ ಕೂತು ವಾದ್ಯವನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಳ್ಳುತ್ತಾರೆ. ಬುರುಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತಾರೆ. ದಂಡಿಗೆ ಕಣ್ಣು ಹಚ್ಚಿ ಬಾಗಿದೆಯೇ ನೋಡುತ್ತಾರೆ. ಕುದುರೆಯ ಬೆನ್ನನ್ನು ಸಣ್ಣ ಅರದಿಂದ ಎರಡು ಸಲ ಉಜ್ಜಿ, ತಂತಿ ಮಿಡಿದು, ಮತ್ತೆ ಒಂದು ಸಲ ಉಜ್ಜಿ, ಮತ್ತೆ ಮಿಡಿಯುತ್ತಾರೆ. ಈ ಕೆಲಸ ಕಿವಿಯದು. ಅಳತೆಪಟ್ಟಿ ಇದರಲ್ಲಿ ಉಪಯೋಗಕ್ಕೆ ಬಾರದು. ಎಲ್ಲ ಮುಗಿದ ಮೇಲೆ ಅವರು ಕೇಳುವ ಪ್ರಶ್ನೆ ಒಂದೇ: “ಬಾರಸ್ತೀರಿ ಹೌದಲ್ರೀ ಇದನ್ನ?” ಸಾವಕಾರರು ಅದಕ್ಕೆ ಉತ್ತರ ಕೊಡದೆ ಪೇಂಟ್ ಯಾಕೆ ಕೆರೆದಿರೆಂದು ತಕರಾರು ತೆಗೆಯುತ್ತಾರೆ.

ಬೆಲೆ ಕಟ್ಟುವ ಕ್ರಮ ಈ ವರ್ಗದ ಮುಖ್ಯ ಲಕ್ಷಣ. ಜತ್ತ ತಾಲೂಕಿನಲ್ಲಿ ವಸ್ತುವಿನ ಬೆಲೆಯೆಂದರೆ ಕೊಟ್ಟ ಬೆಲೆಯಲ್ಲ, ಒಲ್ಲೆನೆಂದ ಬೆಲೆ. ಇದಕ್ಕೆ ದೊಡ್ಡ ಪೂರ್ವನಿದರ್ಶನವೂ ಇದೆ: 2020ರಲ್ಲಿ ಅದೇ ಜಿಲ್ಲೆಯ ಆಟಪಾಡಿಯ ಬಜಾರಿನಲ್ಲಿ ಜತ್ತ ತಾಲೂಕಿನ ಮಾಡಗ್ಯಾಳ ತಳಿಯ ಟಗರೊಂದಕ್ಕೆ 70 ಲಕ್ಷ ರೂಪಾಯಿಗೆ ಗಿರಾಕಿ ಬಂದರೂ, ಒಂದೂವರೆ ಕೋಟಿಗೆ ಕಡಿಮೆ ಇಲ್ಲವೆಂದು ಒಡೆಯರು ಒಲ್ಲೆನೆಂದರು. ಟಗರಿಗೇ ಇಷ್ಟಾದರೆ ಖಾನಸಾಹೇಬರು ಕೈ ಹಚ್ಚಿದ್ದಕ್ಕೆ ಎಷ್ಟು ಎಂಬುದು ಸಾವಕಾರರ ಲೆಕ್ಕ. ಅವರಲ್ಲಿಗೂ ಒಬ್ಬ ಗಿರಾಕಿ ಬಂದು ಹೋಗಿರುತ್ತಾನೆ. ಅವನು ಪುಣೆಯವನು, ಕಾರಿನಲ್ಲಿ ಬಂದವನು, ಅವನ ಹೆಸರು ನೆನಪಿಲ್ಲ. ಮೊದಲ ಸಲ ಹೇಳುವಾಗ ಅವನು ಐವತ್ತು ಸಾವಿರಕ್ಕೆ ಕೇಳಿರುತ್ತಾನೆ. ದಾಳಿಂಬೆಗೆ ರೇಟು ಚೆನ್ನಾಗಿ ಬಂದ ವರ್ಷ ಅದು ಒಂದು ಲಕ್ಷವಾಗಿ, ಮೊಮ್ಮಗನ ಮದುವೆ ಮಾತುಕತೆಯ ಹೊತ್ತಿಗೆ ಮೂರು ಲಕ್ಷಕ್ಕೆ ನಿಲ್ಲುತ್ತದೆ.

ಈ ಸ್ವಭಾವ ಜತ್ತಕ್ಕೆ ಮೀಸಲಲ್ಲ. ಅಮೆರಿಕದ ಗಿಬ್ಸನ್ ಕಂಪನಿ 1958ರಲ್ಲಿ ಇಎಸ್-335 ಎಂಬ ವಿದ್ಯುತ್ ಗಿಟಾರನ್ನು ಹೊರತಂದಿತು. ಅದು ಅರೆಪೊಳ್ಳು: ಎರಡು ಬದಿ ಟೊಳ್ಳು, ನಡುವೆ ಉದ್ದಕ್ಕೆ ಗಟ್ಟಿ ಮರದ ದಿಮ್ಮಿ. ಪೂರ್ತಿ ಪೊಳ್ಳಾದ ಗಿಟಾರು ಧ್ವನಿವರ್ಧಕದ ಮುಂದೆ ಕೂಗಿಕೊಳ್ಳುತ್ತಿದ್ದುದನ್ನು ಈ ದಿಮ್ಮಿ ತಗ್ಗಿಸಿತು, ಪೊಳ್ಳಿನ ಮೆದು ದನಿಯೂ ಉಳಿಯಿತು. ಆ ಕಾಲದ ಗಿಟಾರುಗಳಿಗೆ ಈಗ ಭಾರಿ ಬೆಲೆಯಿದೆ, ಗಾಜಿನ ಕಪಾಟಿನಲ್ಲಿಟ್ಟು ಬಾರಿಸದೆ ಕಾಯುವವರೂ ಇದ್ದಾರೆ. ಒಂದೇ ವ್ಯತ್ಯಾಸ: ಅಲ್ಲಿ ಹಳೆಯ ಬಣ್ಣ ಕೆರೆದು ಹೊಸದು ಬಳಿದರೆ ಬೆಲೆ ಅರ್ಧಕ್ಕಿಳಿಯುತ್ತದೆಂಬುದು ಪೇಟೆಯ ರೂಢಿ, ಬಿರಡೆ ಬದಲಿಸಿದರೂ ಕಡಿತವಾಗುತ್ತದೆ. ಪುಣೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮೊಮ್ಮಗ ಇದನ್ನು ವಿವರಿಸಿದರೆ ಸಾವಕಾರರು ಅಮೆರಿಕದವರ ಮೇಲೆ ಮರುಕಪಡುತ್ತಾರೆ: “ಬಣ್ಣಾ ಹಚ್ಚಾಕೂ ರೊಕ್ಕ ಇಲ್ಲೇನು ಅವರ ಹಂತ್ಯಾಕ?”

ಊರಿನ ಭಜನೆ ಇವರ ತಂಬೂರಿಯ ಹಂಗಿಲ್ಲದೆ ನಡೆದಿದೆ. ಸೋಮವಾರ ಗುಡಿಯಲ್ಲಿ ವಚನ, ಶರೀಫರ ತತ್ತ್ವಪದ, ನಡುವೆ ಪಂಢರಪುರದ ದಾರಿಯ ಮರಾಠಿ ಅಭಂಗ. ಜೊತೆಗೆ ಏಕತಾರಿ, ತಾಳ, ಪೇಟಿ. ಶ್ರುತಿಗೆ ಮೊದಲು ಬೆಂಗಳೂರಿನ ರಾಡೆಲ್ ಕಂಪನಿಯಂಥವರ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂತು, ಈಗ ಮೊಬೈಲೇ ಸಾಕು. ಮೊಬೈಲಿನ ತಂಬೂರಿಗೆ ಬಿರಡೆ ಜಾರುವುದಿಲ್ಲ, ಹುಳ ಹತ್ತುವುದಿಲ್ಲ. ನಡುವೆ ಫೋನು ಬಂದರೆ ಮಾತ್ರ ದಾನಮ್ಮನ ಪದಕ್ಕೆ ಸಿನಿಮಾ ಹಾಡು ಕೂಡಿಕೊಳ್ಳುತ್ತದೆ. ಭಜನಿ ಮಾಸ್ತರರು ಹಬ್ಬದ ದಿನಕ್ಕಾದರೂ ಸಾವಕಾರರ ತಂಬೂರಿ ಕೇಳಿದ್ದುಂಟು. ಕೇಳಿದಾಗಲೆಲ್ಲ ಅದು ದುರಸ್ತಿಯಲ್ಲಿರುತ್ತದೆ.

ಹಳೆಯ ತಂಬೂರಿ ಕೊಳ್ಳಲು ಈ ಕಡೆ ಬರುವವರು ನಾಲ್ಕನ್ನು ನೋಡಿದರೆ ಸಾಕು. ಬುರುಡೆಗೆ ಬಿರುಕು ಮತ್ತು ಹುಳದ ತೂತು ಇರಬಾರದು. ಕುದುರೆಯ ಭಾರಕ್ಕೆ ತಬಲಿ ಕುಸಿದಿರಬಾರದು. ದಂಡಿ ನೆಟ್ಟಗಿರಬೇಕು, ಬಿರಡೆ ತಿರುಗಿಸಿದಲ್ಲಿ ನಿಲ್ಲಬೇಕು. ಸವೆದ ಜವಾರಿಗೆ ಹೆದರಬೇಕಿಲ್ಲ, ಅದು ಬಾರಿಸಿದ ಗುರುತು, ಮಿರಜಿನಲ್ಲಿ ಸರಿಯಾಗುತ್ತದೆ. ಬುರುಡೆ ಒಡೆದದ್ದನ್ನು ಕೊಂಡರೆ ದುರಸ್ತಿಯ ಖರ್ಚು ಹೊಸ ವಾದ್ಯದ ಸನಿಹಕ್ಕೆ ಹೋಗಬಹುದು. ಒಡೆಯರು ಯಾರು ಕೈ ಹಚ್ಚಿದ್ದೆಂದು ಹೇಳಿದರೂ ಅದಕ್ಕೆ ಹಣ ಸೇರಿಸಬಾರದು. ಮನೆಯಲ್ಲಿ ತಂಬೂರಿ ಇರುವವರಿಗೂ ಒಂದು ಮಾತು: ಕೈಯಾಡುವ ವಾದ್ಯದ ತುಕ್ಕು, ಹುಳ, ಬಿರುಕು ಬೇಗ ಕಣ್ಣಿಗೆ ಬೀಳುತ್ತವೆ, ಮುಚ್ಚಿಟ್ಟದ್ದರಲ್ಲಿ ತಡವಾಗಿ. ಬಾರಿಸಲು ಬರುವವರು ಬಾರಿಸಬೇಕು, ಬಾರದವರು ಹಬ್ಬಕ್ಕಾದರೂ ಮಾಸ್ತರರ ಕೈಗೆ ಕೊಡಬೇಕು.