ಹಳೇ ಪಂಚಾಂಗದ ಜೊತೆ ನಾಲ್ಕು ಮಾತು

ಅಮೆರಿಕದಲ್ಲಿ ಕಾಯಿಲೆಯಿಂದಲೋ ಅಂಗವೈಕಲ್ಯದಿಂದಲೋ ದುಡಿಯಲಾಗದವರು ಮಾಸಾಶನಕ್ಕಾಗಿ ಸೋಷಿಯಲ್ ಸೆಕ್ಯುರಿಟಿ ಇಲಾಖೆಗೆ ಅರ್ಜಿ ಹಾಕುತ್ತಾರೆ. ಹೆಚ್ಚಿನವರ ಮೊದಲ ಅರ್ಜಿ ತಿರಸ್ಕಾರವಾಗುತ್ತದೆ. ಮರುಪರಿಶೀಲನೆಯೂ ಕೈಕೊಟ್ಟರೆ ನ್ಯಾಯಾಧೀಶರೆದುರು ವಿಚಾರಣೆ. ಅಲ್ಲಿ ಅರ್ಜಿದಾರರ ಹಣೆಬರಹ ಬರೆಯುವವರಲ್ಲಿ ‘ಡಿಕ್ಷನರಿ ಆಫ್ ಆಕ್ಯುಪೇಷನಲ್ ಟೈಟಲ್ಸ್’ ಎಂಬ ಗ್ರಂಥಮಹಾಶಯರೂ ಒಬ್ಬರು. ಮೈತುಂಬ ಹನ್ನೆರಡು ಸಾವಿರಕ್ಕೂ ಮಿಕ್ಕಿದ ನೌಕರಿಗಳ ವರ್ಣನೆ. ಕೊನೆಯ ಪರಿಷ್ಕರಣೆ 1991ರಲ್ಲಿ. ಧೂಳು ಕೊಡವಿಕೊಂಡು ಮಾತಿಗೆ ಕೂತರು.

ಪ್ರಶ್ನೆ: ನಮಸ್ಕಾರ ಹಿರಿಯರೇ. ಆರೋಗ್ಯ ಹೇಗಿದೆ?

ಉತ್ತರ: ಬೈಂಡಿಂಗ್ ಸಡಿಲವಾಗಿದೆ, ಅಷ್ಟೇ. 1939ರಲ್ಲಿ ಹುಟ್ಟಿದ ಜೀವ. ನಿರುದ್ಯೋಗ ತಾಂಡವವಾಡುತ್ತಿದ್ದ ಕಾಲ. ಕೆಲಸವಿಲ್ಲದವರಿಗೆ ಕೆಲಸ ಹುಡುಕಿಕೊಡಲೆಂದೇ ಕಾರ್ಮಿಕ ಇಲಾಖೆ ನನ್ನನ್ನು ಹೆತ್ತಿತು.

ಪ್ರಶ್ನೆ: ಈಗ?

ಉತ್ತರ: ಈಗಲೂ ಅದೇ ಸೇವೆ. ಹಾಸಿಗೆಯಿಂದ ಏಳಲಾಗದವರಿಗೂ ಹುಡುಕಿಕೊಡುತ್ತೇನೆ. ಕಾಗದದ ಮೇಲೆ.

ಪ್ರಶ್ನೆ: ಹೆತ್ತವರೇ ತಮ್ಮ ಕೈಬಿಟ್ಟರಂತೆ?

ಉತ್ತರ: ಓ-ನೆಟ್ ಎಂಬ ಕಂಪ್ಯೂಟರ್ ಹುಡುಗನನ್ನು ಸಾಕಿಕೊಂಡರು. ಆದರೆ ಸೋಷಿಯಲ್ ಸೆಕ್ಯುರಿಟಿಯವರು ಕೃತಜ್ಞರು. ನನ್ನ ಜಾಗಕ್ಕೆ ಬೇರೊಬ್ಬರನ್ನು ತರಲು ವರ್ಷಗಟ್ಟಲೆ ಕೋಟ್ಯಂತರ ಡಾಲರ್ ಸುರಿದಿದ್ದಾರೆ, ನನ್ನನ್ನು ಮಾತ್ರ ಕುರ್ಚಿಯಿಂದ ಎಬ್ಬಿಸಿಲ್ಲ.

ಪ್ರಶ್ನೆ: ವಿಚಾರಣೆಯಲ್ಲಿ ತಮ್ಮ ಪಾತ್ರವೇನು?

ಉತ್ತರ: ನ್ಯಾಯಾಧೀಶರು ಔದ್ಯೋಗಿಕ ತಜ್ಞರನ್ನು ಕೇಳುತ್ತಾರೆ: ‘ಒಬ್ಬ ವ್ಯಕ್ತಿ ಇದ್ದಾನೆ ಅಂದುಕೊಳ್ಳಿ. ಹತ್ತು ಪೌಂಡಿಗಿಂತ ಹೆಚ್ಚು ಎತ್ತಲಾರ. ಎಂಟು ಗಂಟೆಯಲ್ಲಿ ಆರು ಗಂಟೆ ಕೂರಬಲ್ಲ. ಇವನಿಗೆ ಕೆಲಸ ಇದೆಯೇ?’ ತಜ್ಞರು ನನ್ನ ಪುಟ ತಿರುವುತ್ತಾರೆ. 2024ರವರೆಗೆ ಸಲೀಸಾಗಿ ಬರುತ್ತಿದ್ದ ಉತ್ತರ: ಇದೆಯಲ್ಲ! ಲಕೋಟೆಗೆ ವಿಳಾಸ ಬರೆಯುವುದು, ಕೈಯಲ್ಲಾದರೂ ಸೈ, ಟೈಪ್‌ರೈಟರಿನಲ್ಲಾದರೂ ಸೈ. ಗಾಳಿಕೊಳವೆಯಲ್ಲಿ ಚೀಟಿ ಕಳಿಸುವುದು. ಬೀಜ ಆರಿಸುವುದು.

ಪ್ರಶ್ನೆ: ಬೀಜ ಆರಿಸುವುದನ್ನು ನಮ್ಮ ಮಂಗಳೂರಿನ ಗೇರುಬೀಜದ ಕಾರ್ಖಾನೆಗಳಲ್ಲಿ ಹೆಂಗಸರು ಮಾಡುತ್ತಾರೆ. ಅದಕ್ಕೆ ಗಟ್ಟಿ ಸೊಂಟ ಬೇಕು ಸ್ವಾಮಿ.

ಉತ್ತರ: ಸೊಂಟದ ವಿಚಾರ ನನ್ನನ್ನು ಕೇಳಬೇಡಿ.

ಪ್ರಶ್ನೆ: ಹೋಗಲಿ, ಆ ಗಾಳಿಕೊಳವೆ ಕೆಲಸಕ್ಕೆ ಅರ್ಜಿ ಎಲ್ಲಿ ಹಾಕಬೇಕು?

ಉತ್ತರ: ಇದು ಅಧಿಕಪ್ರಸಂಗ. ಕಾನೂನು ಓದಿಕೊಂಡು ಬನ್ನಿ. ಆ ಕೆಲಸ ನಿಮ್ಮ ಊರಿನ ಆಸುಪಾಸಿನಲ್ಲಿ ಇದೆಯೇ, ಖಾಲಿ ಇದೆಯೇ, ಅರ್ಜಿ ಹಾಕಿದರೆ ನಿಮ್ಮನ್ನು ತೆಗೆದುಕೊಳ್ಳುತ್ತಾರೆಯೇ, ಮೂರೂ ಲೆಕ್ಕಕ್ಕಿಲ್ಲ. ದೇಶದಲ್ಲಿ ಗಣನೀಯ ಸಂಖ್ಯೆಯಲ್ಲಿದ್ದರೆ ಸಾಕು.

ಪ್ರಶ್ನೆ: ಆ ಸಂಖ್ಯೆಯನ್ನು ಎಣಿಸಿದವರು?

ಉತ್ತರ: ನಾನಂತೂ ಅಲ್ಲ. ನನ್ನಲ್ಲಿರುವುದು ವರ್ಣನೆ, ತಲೆ ಎಣಿಕೆಯಲ್ಲ. ಅದು ತಜ್ಞರ ಬಾಯಿಂದ ಬರುತ್ತದೆ. ಮೈಕೇಲ್ ಬೀಸ್ಟೆಕ್ ಎಂಬ ಬಡಗಿಯ ವಿಚಾರಣೆಯಲ್ಲಿ ತಜ್ಞೆ ಹೇಳಿದರು: ಬಿಡಿಭಾಗ ಜೋಡಿಸುವ ಕೆಲಸ 2,40,000, ಆರಿಸುವ ಕೆಲಸ 1,20,000. ಬೀಸ್ಟೆಕ್ ವಕೀಲರು ಆ ಲೆಕ್ಕದ ಹಿಂದಿನ ಸಮೀಕ್ಷೆ ಕೇಳಿದರೆ, ಗಿರಾಕಿಗಳ ಗುಟ್ಟು, ಕೊಡಲಾಗದು ಅಂದರು. 2019ರಲ್ಲಿ ಸುಪ್ರೀಂ ಕೋರ್ಟ್ 6–3ರಲ್ಲಿ ತೀರ್ಪು ಕೊಟ್ಟಿತು: ಸಮೀಕ್ಷೆ ತೋರಿಸದ ಮಾತ್ರಕ್ಕೆ ಆ ಸಾಕ್ಷ್ಯ ಬಿದ್ದುಹೋಗುವುದಿಲ್ಲ. ಬೀಸ್ಟೆಕ್ ಸೋತರು.

ಪ್ರಶ್ನೆ: 2024ರಲ್ಲಿ ತಮಗೂ ಕತ್ತರಿ ಬಿತ್ತಲ್ಲ?

ಉತ್ತರ: ಜೂನ್‌ನಲ್ಲಿ. ಸೋಷಿಯಲ್ ಸೆಕ್ಯುರಿಟಿಯವರ ಆಜ್ಞೆ: 114 ನೌಕರಿಗಳ ಹೆಸರು ಹೇಳಿ ಇನ್ನು ಯಾರನ್ನೂ ಬರಿಗೈಲಿ ಕಳಿಸಕೂಡದಂತೆ. ಇನ್ನೂ 13ಕ್ಕೆ ಹೆಚ್ಚುವರಿ ಪುರಾವೆ ಬೇಕಂತೆ. ಉಳಿದ ಹನ್ನೆರಡು ಸಾವಿರ ಚಿರಂಜೀವಿಗಳು.

ಪ್ರಶ್ನೆ: ಅಂದಮೇಲೆ ವಿಚಾರಣೆಗೆ ಹೋಗುವವರು ತಯಾರಿ ಹೇಗೆ ಮಾಡಿಕೊಳ್ಳಬೇಕು? ಗುಟ್ಟಾಗಿಯಾದರೂ ಹೇಳಿ.

ಉತ್ತರ: (ಆಚೀಚೆ ನೋಡಿ) ಬರೀ ಕಾಯಿಲೆಯ ಹೆಸರು ಹಿಡಿದು ಬಂದರೆ ನನಗೆ ಹಬ್ಬ. ‘ಇವರು ದುಡಿಯಲಾರರು’ ಎಂದು ಡಾಕ್ಟರು ಒಂದೇ ಸಾಲು ಬರೆದುಕೊಟ್ಟರೆ ಹೋಳಿಗೆ ಊಟ. ಆ ತೀರ್ಮಾನ ಇಲಾಖೆಯದ್ದು, ಡಾಕ್ಟರದ್ದಲ್ಲ. ನನಗೆ ಹೆದರಿಕೆ ಸಣ್ಣಪುಟ್ಟ ಲೆಕ್ಕಗಳದ್ದು. ಎಷ್ಟು ಹೊತ್ತು ಕೂತರೆ ಏಳಲೇಬೇಕು, ಬೆರಳು ಎಷ್ಟು ಹೊತ್ತು ಆಡುತ್ತದೆ, ಹಗಲಲ್ಲಿ ಎಷ್ಟು ಸಲ ಮಲಗಬೇಕು, ತಿಂಗಳಲ್ಲಿ ಎಷ್ಟು ದಿನ ಮೈ ಏಳುವುದೇ ಇಲ್ಲ. ಡಾಕ್ಟರು ಇದನ್ನು ಬರೆದಿದ್ದರೆ, ವಕೀಲರು ಎದ್ದು ‘ತಿಂಗಳಿಗೆ ನಾಲ್ಕು ದಿನ ತಪ್ಪಿಸಿಕೊಳ್ಳುವವನಿಗೆ ಯಾವ ಕೆಲಸವಿದೆ?’ ಎಂದು ಕೇಳಿದರೆ, ತಜ್ಞರ ಉತ್ತರ ಸಾಮಾನ್ಯವಾಗಿ ‘ಯಾವುದೂ ಇಲ್ಲ’. ನನ್ನ ಹನ್ನೆರಡು ಸಾವಿರ ನೌಕರಿಗಳೂ ಆ ಕ್ಷಣ ಒಟ್ಟಿಗೆ ರಾಜೀನಾಮೆ ಕೊಡುತ್ತವೆ.

ಪ್ರಶ್ನೆ: ಅಲ್ಲಿ ನೆಲೆಸಿದ ನಮ್ಮ ಕಡೆಯವರಿಗೆ ಏನಾದರೂ ಕಿವಿಮಾತು?

ಉತ್ತರ: ನಿಮ್ಮವರನ್ನು ಸೋಲಿಸಲು ನಾನು ಬೇಕಿಲ್ಲ, ಅವರ ಸಂಕೋಚವೇ ಸಾಕು. ‘ಅಡುಗೆ ಮಾಡುತ್ತೀರಾ?’ ಅಂದರೆ ‘ಹ್ಞೂಂ, ಹೇಗೋ ನಡೀತದೆ’ ಅನ್ನುತ್ತಾರೆ. ಒಲೆ ಮುಂದೆ ಸ್ಟೂಲ್ ಹಾಕಿಕೊಳ್ಳುವುದು, ಸಾರು ಕುದಿಯುವಷ್ಟರಲ್ಲಿ ಹೋಗಿ ಅಡ್ಡಾಗುವುದು, ಕುಕ್ಕರ್ ಇಳಿಸಲು ಮಗನನ್ನು ಕೂಗುವುದು, ಇದನ್ನೆಲ್ಲ ಹೇಳಿದರೆ ಮರ್ಯಾದೆ ಹೋಗುತ್ತದೆ ಅಂತ ಭಾವಿಸುತ್ತಾರೆ. ತೀರ್ಪಿನಲ್ಲಿ ‘ಅಡುಗೆ ಮಾಡುತ್ತಾರೆ’ ಅಂತ ಬರುತ್ತದೆ. ಹಾಗೆಂದು ಉಪ್ಪುಖಾರ ಹಚ್ಚುವುದೂ ಬೇಡ. ಕಡತದಲ್ಲಿಲ್ಲದ ನೋವನ್ನು ಯಾರೂ ನಂಬುವುದಿಲ್ಲ. ಆ ಕಡತವನ್ನು ಮೊದಲೇ ತರಿಸಿಕೊಂಡು ಓದಲಿ. ಇಂಗ್ಲಿಷ್ ತಡವರಿಸಿದರೆ ಇಲಾಖೆ ಪುಕ್ಕಟೆ ದುಭಾಷಿ ಕೊಡುತ್ತದೆ, ಕೇಳಿ ಪಡೆಯಲಿ.

ಇಷ್ಟು ಹೇಳಿ ಮಹಾಶಯರು ಮುಚ್ಚಿಕೊಂಡರು. ಓದುಗರ ಗಮನಕ್ಕೆ: ತಿರಸ್ಕಾರದ ಕಾಗದ ಕೈಸೇರಿದ 60 ದಿನದೊಳಗೆ ಮೇಲ್ಮನವಿ ಹೋಗಬೇಕು. ದಾಖಲೆಗಳು ವಿಚಾರಣೆಗೆ ಕಡೇಪಕ್ಷ ಐದು ಕೆಲಸದ ದಿನ ಮೊದಲು ತಲುಪಬೇಕು. ವಕೀಲರಿಗೆ ಸಾಮಾನ್ಯವಾಗಿ ಗೆದ್ದರೆ ಮಾತ್ರ ಫೀಜು, ಅದೂ ಸಿಗುವ ಹಿಂಬಾಕಿ ಮಾಸಾಶನದ ಕಾಲುಭಾಗಕ್ಕೆ ಮೀರದಂತೆ. ಅಲ್ಲಿರುವ ನಿಮ್ಮ ನೆಂಟರಿಷ್ಟರಿಗೆ ಇದನ್ನು ತಪ್ಪದೆ ತಿಳಿಸಿ.