ಪ್ರಮಾಣಪತ್ರ ಮೀಮಾಂಸೆ, ಬೋರಾಮಣಿ ಭಾಷ್ಯಸಹಿತ

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟುಗಳು ತ್ರಿವಿಧ: ಅಮೆರಿಕೀಯ, ಆಂಗ್ಲೀಯ, ಅರ್ಭಕೀಯ.

ಅಮೆರಿಕೀಯದ ಮೂಲಪೀಠ 1969ರಲ್ಲಿ ಹುಟ್ಟಿದ ಪಿಎಂಐ. ಅದು 1984ರಿಂದ ಕೊಡುವ ದೀಕ್ಷೆ ಪಿಎಂಪಿ. ಪದವೀಧರನಾದರೆ 36 ತಿಂಗಳ ಅನುಭವ, 35 ತಾಸಿನ ತರಬೇತಿ, 180 ಪ್ರಶ್ನೆ. ಆಮೇಲೂ ಮೂರು ವರ್ಷದೊಳಗೆ 60 ಪಿಡಿಯು, ಅಂದರೆ ಕಲಿಕೆಯ ಅಂಕ, ಕೂಡಿಸದಿದ್ದರೆ ಪಡೆದ ಜ್ಞಾನ ತಾನಾಗಿ ಲೋಪ. ಆಂಗ್ಲೀಯ ಪ್ರಿನ್ಸ್-2 ಬ್ರಿಟಿಷ್ ಸರ್ಕಾರದ ಕೂಸು, 1996ರದು; ತತ್ತ್ವ ಏಳು, ಪ್ರಕ್ರಿಯೆ ಏಳು, ಸಪ್ತಪದಿಯನ್ನು ಎರಡು ಸಲ ತುಳಿದಂತೆ. ಅರ್ಭಕೀಯ ಸ್ಕ್ರಮ್: ಎರಡು ದಿನ ತರಗತಿಯಲ್ಲಿ ಕೂತು, ಒಂದು ಸಣ್ಣ ಪರೀಕ್ಷೆ ಬರೆದೆದ್ದರೆ ಮಾಸ್ಟರ್. ನಮ್ಮ ಕಾಲದಲ್ಲಿ ಮಾಸ್ತರಿಕೆಗೆ ಕೈಯಲ್ಲೊಂದು ಬೆತ್ತವಾದರೂ ಬೇಕಿತ್ತು.

ಲಕ್ಷಣವಾಯಿತು, ಇನ್ನು ಲಕ್ಷ್ಯ. ಸೊಲ್ಲಾಪುರದಿಂದ ಹೈದರಾಬಾದ್ ರಸ್ತೆ ಹಿಡಿದರೆ ಬೋರಾಮಣಿ. ಇಲ್ಲಿ ವಿಮಾನ ನಿಲ್ದಾಣಕ್ಕೆಂದು 500ಕ್ಕೂ ಹೆಚ್ಚು ಹೆಕ್ಟೇರ್ ಭೂಮಿ ಸ್ವಾಧೀನವಾಯಿತು. ನಡುವೆ 30 ಚಿಲ್ಲರೆ ಹೆಕ್ಟೇರ್ ಅರಣ್ಯ. ಅರಣ್ಯವೆಂದ ಕೂಡಲೇ ಮಾಳಢೋಕ್, ಅಂದರೆ ನಮ್ಮ ಎರೆಭೂತ ಹಕ್ಕಿ. ಯೋಜನೆ ಅಲ್ಲೇ ಕೂತಿತು. ಪಿಎಂಪಿ ಮತಸ್ಥರು ಇದನ್ನು ಸ್ಟೇಕ್‌ಹೋಲ್ಡರ್ ದೋಷವೆನ್ನುತ್ತಾರೆ, ಪ್ರಿನ್ಸ್ ಮತಸ್ಥರು ಬಿಸಿನೆಸ್ ಕೇಸ್ ಭಂಗವೆನ್ನುತ್ತಾರೆ, ಸ್ಕ್ರಮ್‌ನವರು ಗೋಡೆಗೆ ಹಳದಿ ಚೀಟಿ ಅಂಟಿಸುತ್ತಾರೆ. ನನ್ನ ಮತ: ಒಂದು ಮೀಟಿಂಗಿಗೂ ಬಾರದೆ ಕೆಲಸ ಸಾಧಿಸಿದ ಸ್ಟೇಕ್‌ಹೋಲ್ಡರ್ ಆ ಹಕ್ಕಿಯೊಂದೇ. ಮೀಟಿಂಗಿಗೆ ಹೋದವರು ಹೊಲ ಬಿಟ್ಟುಕೊಟ್ಟು ಬಂದರು.

ಅತ್ತ ಹೊಟಗಿ ರಸ್ತೆಯ ಹಳೇ ನಿಲ್ದಾಣಕ್ಕೆ ಅಡ್ಡವಿದ್ದ ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು 2023ರ ಜೂನ್‌ನಲ್ಲಿ ಕೆಡವಿ, 2025ರಲ್ಲಿ ಗೋವೆಗೆ ವಿಮಾನ ಹಾರಿಸಿದರು. ಚಿಮಣಿ ಉರುಳಿಸುವುದು ಯಾವ ಪ್ರೊಸೆಸ್ ಗ್ರೂಪಿಗೆ ಸೇರುತ್ತದೆ ಎಂಬ ಪ್ರಶ್ನೆ ಆ 180ರಲ್ಲಿ ಇರಲಾರದು. ಹನ್ನೆರಡನೇ ಶತಮಾನದಲ್ಲಿ ಇದೇ ಸೊಲ್ಲಾಪುರ ಸೊನ್ನಲಿಗೆಯಾಗಿದ್ದಾಗ ಸಿದ್ಧರಾಮ ಕೆರೆ ಕಟ್ಟಿಸುವಾಗ ಅಲ್ಲಮ ಬಂದು ‘ಒಡ್ಡರಾಮ ಎಲ್ಲಿ’ ಎಂದು ಕೇಳಿದನಂತೆ. ಆಡಿಟ್ ಅಂದರೆ ಅದು. ಕೆರೆ ಈಗಲೂ ಇದೆ.

ವರ್ಗೀಕರಣ ಸಾಕು, ನನಗೇ ಬೇಸರ ಬಂತು. ಹೊಲ ಕೊಟ್ಟ ಮನೆಗಳ ಹುಡುಗರು ಪುಣೆಗೆ ಹೋಗಿ, ಸಂಬಳದಲ್ಲಿ ಪರೀಕ್ಷೆಯ ಫೀ ಉಳಿಸುತ್ತ, ಪಿಎಂಪಿಯೋ ಪ್ರಿನ್ಸೋ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಅವರಪ್ಪನ ಎರೆಮಣ್ಣನ್ನು ನಕಾಶೆಯಲ್ಲಿ ರನ್‌ವೇ ಮಾಡಿ ಎದ್ದು ಹೋದವರ ಬಳಿ ಯಾರಾದರೂ ಸರ್ಟಿಫಿಕೇಟ್ ಕೇಳಿದ್ದರೇ? ಮೂರು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಿದ್ದರೇ? ಆ ಮನೆಗಳಲ್ಲಿ ಇದ್ದದ್ದು ಒಂದೇ ಪ್ರಮಾಣಪತ್ರ, ಸಾತ್‌ಬಾರಾ ಉತಾರೆ, ಅಂದರೆ ಹೊಲದ ಪಹಣಿ. ಅದರಲ್ಲಿ ಈಗ ಹೆಸರಿಲ್ಲ.

ಇಷ್ಟಾದ ಮೇಲೂ ಕೇಳುವಿಯಾದರೆ, ತಮ್ಮಾ: 36 ತಿಂಗಳ ಅನುಭವ ಇದ್ದರೆ ಪಿಎಂಪಿ ಕಟ್ಟು, ಇಲ್ಲದಿದ್ದರೆ ಪ್ರಿನ್ಸ್‌ನ ಫೌಂಡೇಶನ್. ಎರಡೂ ಕಂಪನಿ ದುಡ್ಡಿನಲ್ಲೇ.